ಕಲ್ಲುಕಟ್ಟೆಯ ಬೆಕ್ಕಿನವರಿಗೆ, ಹಳಸಿದ ಸಿಗಡಿಯ ವಿಚಾರವಾಗಿ

ಮಾನ್ಯರೇ,

ಸಮುದ್ರದೊಳಕ್ಕೆ ಚಾಚಿಕೊಂಡಿರುವ ಕಲ್ಲುಕಟ್ಟೆಯ ಕೊನೆಯ ದೀಪದ ಕಂಬದ ಬುಡದಲ್ಲಿ, ಬಿಸಿಲು ಬಂದರೆ ಬಿಸಿಲಿಗೂ ನೆರಳು ಬಂದರೆ ನೆರಳಿಗೂ ಒಂದೇ ಸಮನಾಗಿ ಮೈಯೊಪ್ಪಿಸಿ ಮಲಗಿರುವ, ಒಂದು ಕಿವಿ ಹರಿದ, ಊರವರೆಲ್ಲರಿಂದ ಇನ್‌ಸ್ಪೆಕ್ಟರ್ ಎಂದು ಕರೆಸಿಕೊಳ್ಳುವ ತಮ್ಮ ಸನ್ನಿಧಾನಕ್ಕೆ, ಬಸ್ ನಿಲ್ದಾಣದ ಎದುರಿನ ಕನ್ನಡಕದ ಅಂಗಡಿಯವನಾದ ನಾನು ಕೈಮುಗಿದು ಬರೆದುಕೊಳ್ಳುವ ದೂರು. ತಾವೂ ತಮ್ಮ ಮೀಸೆಯೂ ಕ್ಷೇಮವೆಂದು ನಂಬಿದ್ದೇನೆ. ತಮಗೆ ನನ್ನ ಹೆಸರು ತಿಳಿದಿರಲಿಕ್ಕಿಲ್ಲವಾದರೂ ಭಾನುವಾರ ಬೆಳಿಗ್ಗೆ ಎಲ್ಲರಿಗಿಂತ ತಡವಾಗಿ ಬರುವ, ನೀಲಿ ಟೋಪಿಯ, ಯಾವಾಗಲೂ ಖಾಲಿ ಬುಟ್ಟಿಯ ಮನುಷ್ಯ ಎಂದರೆ ಗುರುತು ಸಿಕ್ಕೀತು. ಬೆಕ್ಕಿಗೆ ಪತ್ರ ಬರೆಯುತ್ತಿದ್ದೇನೆಂದು ತಿಳಿದ ನನ್ನ ಹೆಂಡತಿ, "ಮನುಷ್ಯರಿಗೆ ಹೇಳೋ ಧೈರ್ಯ ಇಲ್ದೋರು ಬೆಕ್ಕಿಗೆ ಕಾಗದ ಬರೀತಾರೆ" ಎಂದು ಹೇಳಿ ಒಳಗೆ ಹೋದಳು. ನಾನು ಬರೆಯುವುದನ್ನು ಮುಂದುವರಿಸಿದೆ.

ಮೊದಲಿಗೆ ತಮ್ಮ ಕಚೇರಿಯ ಕಾರ್ಯವೈಖರಿಯನ್ನು ಮನಸಾರೆ ಹೊಗಳಬೇಕು. ನಮ್ಮ ಕಟ್ಟೆಗೆ ಗಾಳ ಹಿಡಿದು ಬರುವ ಯಾರೇ ಆಗಲಿ, ತಂದ ಎರೆಯ ಪೊಟ್ಟಣ ಬಿಚ್ಚಿ, ಮೊದಲ ಸಿಗಡಿಯನ್ನು ಮುಳ್ಳಿಗೆ ಚುಚ್ಚದೆ ತಮ್ಮ ಮುಂದಿನ ಚಪ್ಪಟೆ ಕಲ್ಲಿನ ಮೇಲಿಟ್ಟು, ತಾವು ಅದನ್ನು ತಿಂದರೆ ಎರೆ ತಾಜಾ, ತಿನ್ನದಿದ್ದರೆ ಹಳಸಲು ಎಂದು ತಿಳಿದು, ಹಳಸಲಾದರೆ ಪೊಟ್ಟಣವನ್ನೇ ಏಡಿಗಳ ಪಾಲಿಗೆ ನೀರಿಗೆಸೆಯಬೇಕೆಂಬ ಪದ್ಧತಿಯನ್ನು ಬಳಕೆಗೆ ತಂದವರು ನಿವೃತ್ತ ಬಸ್ ಕಂಡಕ್ಟರರಾದ, ಆ ಕಾರಣಕ್ಕೆ ರೈಟ್‌ರೈಟ್ ಎಂದೇ ಹೆಸರಾದ ಹಿರಿಯರು. ತಾವು ತಿಂದರೆ ಅವರು "ರೈಟ್, ರೈಟ್!" ಎನ್ನುತ್ತಾರೆ. ತಾವು ಮೂಸಿ ಮುಖ ತಿರುಗಿಸಿದರೆ "ಹೋಲ್ಡಾನ್! ಇಳೀರಿ, ಇಳೀರಿ" ಎಂದು ಕಟ್ಟೆಗೆಲ್ಲ ಕೇಳುವಂತೆ ಕೂಗುತ್ತಾರೆ. ಅರ್ಜಿಯಿಲ್ಲ, ಟೋಕನ್ನಿಲ್ಲ, ನಾಳೆ ಬನ್ನಿ ಎನ್ನುವುದಿಲ್ಲ. ಲಂಚ ಕೊಡೋಣವೆಂದರೆ, ಪರೀಕ್ಷೆಗೆ ಇಡುವ ಸರಕೇ ಲಂಚವಾದ್ದರಿಂದ ಬೇರೆ ಕೊಡಲು ಉಳಿಯುವುದೂ ಇಲ್ಲ. ಇಷ್ಟು ಚುರುಕಾದ ಇಲಾಖೆಯನ್ನು ನಾನು ನನ್ನ ಆಯಸ್ಸಿನಲ್ಲಿ ಕಂಡಿಲ್ಲ.

ಇನ್ನು ದೂರು. ಕೆಲವು ಭಾನುವಾರಗಳ ಹಿಂದೆ ನಾನಿಟ್ಟ ಸಿಗಡಿಯನ್ನು ತಾವು ಮೂಸಿದಿರಿ. ತಿನ್ನಲಿಲ್ಲ. ಅದು ತಮ್ಮ ಹಕ್ಕು, ಒಪ್ಪಿದೆ. ಆದರೆ ಅಷ್ಟಕ್ಕೇ ಬಿಡದೆ, ತಮ್ಮವರು ಹಿತ್ತಿಲಲ್ಲಿ ಒಂದು ಕೆಲಸ ಮುಗಿಸಿದ ಮೇಲೆ ಮಣ್ಣು ಮುಚ್ಚುತ್ತಾರಲ್ಲ, ಆ ರೀತಿಯಲ್ಲಿ ಕಾಲು ಝಾಡಿಸಿ, ಆ ಕಲ್ಲನ್ನು ಪರಪರ ಕೆರೆದು, ನನ್ನ ಸಿಗಡಿಯನ್ನು ಇಲ್ಲದ ಮಣ್ಣಿನಿಂದ ಮುಚ್ಚಿದಿರಿ. ಕಟ್ಟೆಯ ಮೇಲಿದ್ದವರೆಲ್ಲ ಗಾಳ ಬಿಟ್ಟು ಹೊಟ್ಟೆ ಹಿಡಿದುಕೊಂಡರು. ಮುಂದಿನ ಭಾನುವಾರವೂ ಅದೇ, ಅದರ ಮುಂದಿನ ಭಾನುವಾರವೂ ಅದೇ. ಆದರೆ ಅದೇ ಅಂಗಡಿಯಿಂದ, ಅದೇ ಪೆಟ್ಟಿಗೆಯಿಂದ, ನಸುಕಿಗೇ ಬಂದು ಎರೆ ಕೊಂಡ ರೈಟ್‌ರೈಟ್ ಅವರ ಸಿಗಡಿಯನ್ನು ತಾವು ಬಾಲಸಮೇತ ತಿಂದು ಮೀಸೆ ಒರೆಸಿಕೊಂಡಿದ್ದಿರಿ. ತಮಗೆ ನನ್ನ ಮೇಲೆ ವೈಯಕ್ತಿಕ ಹಗೆಯಿದೆಯೆಂದು ನಾನು ತಿಳಿದದ್ದರಲ್ಲಿ ತಪ್ಪೇನಿದೆ, ತಾವೇ ಹೇಳಬೇಕು.

ಹಗೆ ನನ್ನೊಬ್ಬನ ಮೇಲಿದ್ದರೆ ನುಂಗಿಕೊಳ್ಳುತ್ತಿದ್ದೆ. ಆದರೆ ಆ ಅಂಗಡಿ ನನ್ನ ಅಕ್ಕನದು. ಕಟ್ಟೆಯ ಬುಡದಲ್ಲಿ ಹರಿದ ಕೊಡೆಯ ಕೆಳಗೆ ಒಂದು ಮೇಜು, ಮೇಜಿನ ಮೇಲೆ ಥರ್ಮಾಕೋಲಿನ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಐಸು, ಐಸಿನಲ್ಲಿ ಸಿಗಡಿ, ಅದರ ಹಿಂದೆ ಸೆರಗು ಸಿಕ್ಕಿಸಿಕೊಂಡು ನಿಂತ ನನ್ನಕ್ಕ. ಭಾವ ಹೋದ ಮೇಲೆ ಅವಳು ಯಾರ ಮನೆಯ ಬಾಗಿಲಿಗೂ ಹೋಗಿ ನಿಲ್ಲಲಿಲ್ಲ, ನನ್ನ ಮನೆಯ ಬಾಗಿಲಿಗೂ ಬರಲಿಲ್ಲ. ನೇರವಾಗಿ ಆ ಮೇಜಿನ ಹಿಂದೆ ಬಂದು ನಿಂತಳು. ಪ್ರತಿ ಬೆಳಗೂ ಎರೆಯ ದೋಣಿ ಬಂದಾಗ ಪೆಟ್ಟಿಗೆಯ ಮೇಲೆ ಬಗ್ಗಿ, ಒಮ್ಮೆ ಉಸಿರೆಳೆದು, "ಇದು ಇವತ್ತಿಂದು, ಇಳಿಸು" ಅಥವಾ "ಇದು ನಿನ್ನೇದು, ತಗೊಂಡ್ ಹೋಗು" ಎನ್ನುತ್ತಿದ್ದಳು. ಆ ಒಂದು ಉಸಿರೇ ಅವಳ ಬಂಡವಾಳ. ಅಂಥವಳ ಸರಕಿನ ಮೇಲೆ ತಾವು ಇಲ್ಲದ ಮಣ್ಣು ಮುಚ್ಚಿದಿರಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಹಿರಿಯರು ತಮ್ಮವರನ್ನು ನೋಡಿಯೇ ಹೇಳಿರಬೇಕು.

ಒಡಹುಟ್ಟಿದವನಾದ ನಾನು ಸುಮ್ಮನಿರಲಾದೀತೇ? ಕಟ್ಟೆಯ ಮೇಲೆ ನಿಂತು ಹಳೆಯ ಎರೆಯ ಮಹಿಮೆಯನ್ನು ಕುರಿತು ಉಪನ್ಯಾಸ ಕೊಡತೊಡಗಿದೆ. ತಾಜಾ ಸಿಗಡಿಗೆ ವಾಸನೆಯೇ ಇಲ್ಲ, ವಾಸನೆಯಿಲ್ಲದ ಊಟಕ್ಕೆ ಯಾವ ಮೀನು ಬಂದೀತು. ಹಳಸಿದ್ದರ ನಾತವಾದರೋ ನೀರಿನಲ್ಲಿ ದೂರದೂರಕ್ಕೆ ಹೋಗಿ ಮನೆಮನೆಗೂ ಕರೆಯೋಲೆ ಕೊಟ್ಟು ಬರುತ್ತದೆ. ಬುದ್ಧಿವಂತರಾದವರು ಸಿಗಡಿಯನ್ನು ಒಂದು ದಿನ ಬಿಸಿಲಿಗಿಟ್ಟೇ ತರುತ್ತಾರೆ ಎಂದೆಲ್ಲ ಹೇಳಿದೆ. ಇದನ್ನೆಲ್ಲ ನಾನು ಎಲ್ಲಿಯೂ ಓದಿರಲಿಲ್ಲ, ಯಾರಿಂದಲೂ ಕೇಳಿರಲಿಲ್ಲ, ಬಾಯಿಗೆ ಬಂದದ್ದನ್ನು ಹೇಳುತ್ತಾ ಹೋದಂತೆ ನನಗೇ ನಂಬಿಕೆ ಬಂತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ನೆಲ ಡೊಂಕಾಗಿದ್ದರೇ ಕುಣಿತ ಚೆನ್ನ ಎಂದು ವಾದಿಸಿದವನು. ರೈಟ್‌ರೈಟ್ ಅವರು ತಾಳ್ಮೆಯಿಂದ ಎಲ್ಲವನ್ನೂ ಕೇಳಿ, "ಹಾಗಾದ್ರೆ ಹಾಕಿ ಸ್ವಾಮಿ, ನೋಡೋಣ" ಎಂದರು.

ಹಾಕಿದೆ. ಐಸಿನಿಂದ ತೆಗೆಯುವಾಗ ಕಡ್ಡಿಯಂತೆ ಗಟ್ಟಿಯಾಗಿದ್ದ ಸಿಗಡಿ, ಬಿಸಿಲು ತಾಗಿದ್ದೇ ತಡ ಬೆರಳಿನಲ್ಲಿ ಜಾರುವ ಸೋಪಿನ ಚೂರಾಯಿತು. ಮುಳ್ಳಿಗೆ ಚುಚ್ಚಿ ಕೋಲು ಬೀಸಿದರೆ ಸೀಸದ ಗುಂಡು ಒಂದು ಕಡೆಗೆ, ಸಿಗಡಿ ಇನ್ನೊಂದು ಕಡೆಗೆ. ಒಂದು ಸಲವಂತೂ ಹಿಂದೆ ಕುಳಿತಿದ್ದವರೊಬ್ಬರ ಚಹಾದ ಲೋಟದೊಳಕ್ಕೇ ಬಿತ್ತು. ಗಟ್ಟಿಯಾಗಿರಲೆಂದು ಹೊಲಿಗೆಯ ದಾರದಿಂದ ಸುತ್ತಿ ಕಟ್ಟಿ ಹಾಕಿದಾಗ ಮಾತ್ರ ಗಾಳ ಜಗ್ಗಿತು. ಎಳೆದರೆ ಏಡಿ. ಮತ್ತೆ ಹಾಕಿದರೆ ಮತ್ತೊಂದು ಏಡಿ. ನಾನು ಹೇಳಿದಂತೆ ಕರೆಯೋಲೆ ದೂರದೂರಕ್ಕೆ ಹೋಗಿತ್ತು, ನಿಜ. ಆದರೆ ಊಟಕ್ಕೆ ಬಂದವರು ಕತ್ತರಿ ಹಿಡಿದುಕೊಂಡು ಬಂದಿದ್ದರು. ಗಾಳದ ದಾರವನ್ನೂ ಅವರೇ ಕತ್ತರಿಸಿಕೊಂಡು ಹೋದರು. ಮನೆಗೆ ಬಂದರೆ ನನ್ನಾಕೆ ಬುಟ್ಟಿಯೊಳಗೆ ಇಣುಕಿ, "ನೀವು ಮೀನು ಹಿಡಿಯೋಕ್ ಹೋಗ್ತೀರೋ, ಅವಕ್ಕೆ ಊಟ ಬಡಿಸೋಕ್ ಹೋಗ್ತೀರೋ?" ಎಂದು ಕೇಳಿ, ನನ್ನ ಅಂಗಿಯನ್ನು ಬೇರೆ ಬಟ್ಟೆಗಳ ಜೊತೆ ನೆನೆಹಾಕದೆ ಹಿತ್ತಿಲಿನ ಕಲ್ಲಿನ ಮೇಲೆ ಒಂಟಿಯಾಗಿ ಇಟ್ಟಳು.

ವಾದದಲ್ಲಿ ಗೆಲ್ಲಲಾಗದವನು ವಾಮಮಾರ್ಗ ಹಿಡಿಯುವುದು ಲೋಕರೂಢಿ. ಒಂದು ಭಾನುವಾರ ನಾನು ಮನೆಯಿಂದ ಬೆಣ್ಣೆ ಕದ್ದು ತಂದು, ಯಾರೂ ನೋಡದಂತೆ ಸಿಗಡಿಗೆ ಸವರಿ ತಮ್ಮ ಮುಂದಿಟ್ಟೆ. ತಾವು ಬೆಣ್ಣೆಯನ್ನು ಇಷ್ಟೂ ಬಿಡದೆ ನೆಕ್ಕಿ, ಸಿಗಡಿಯನ್ನು ತೊಳೆದಿಟ್ಟಂತೆ ಹಾಗೆಯೇ ಬಿಟ್ಟು, ನನ್ನ ಮುಖವನ್ನೇ ನೋಡುತ್ತಾ ಕಲ್ಲು ಕೆರೆದಿರಿ. ಆ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. ಆ ಬೆಣ್ಣೆಗಾದರೂ ಒಂದು ಮರ್ಯಾದೆ ತೋರಿಸಬಹುದಿತ್ತು ಎಂಬ ಕೊರಗು ಮಾತ್ರ ಇನ್ನೂ ಇದೆ.

ಅಷ್ಟರಲ್ಲಿ ತಡವಾಗಿ ಬರುವ ಬೇರೆಯವರ ಸಿಗಡಿಗೂ ತಾವು ಮಣ್ಣು ಮುಚ್ಚತೊಡಗಿದ್ದಿರಿ. ಊರಿನ ಬಾಯಿಗೆ ಬೀಗ ಯಾರು ಹಾಕುತ್ತಾರೆ? ಜನ ಅಕ್ಕನ ಮೇಜಿನ ಎದುರು ಬಂದಾಗ ಸಮುದ್ರವನ್ನು ಮೊದಲ ಸಲ ಕಂಡವರಂತೆ ಅತ್ತ ನೋಡುತ್ತಾ ದಾಟಿಹೋಗುತ್ತಿದ್ದರು. ಪೆಟ್ರೋಲ್ ಬಂಕಿನ ಪಕ್ಕದ ಕೋಲ್ಡ್ ಸ್ಟೋರಿನಿಂದ ಪ್ಲಾಸ್ಟಿಕ್ ಪೊಟ್ಟಣ ತಂದು ಅಂಗಿಯೊಳಗೆ ಅಡಗಿಸಿಕೊಂಡು ಬರುತ್ತಿದ್ದರು. ಸಂಜೆ ಅಕ್ಕ ಪೆಟ್ಟಿಗೆಯ ಐಸು ನೀರು ಚೆಲ್ಲುವಾಗ ಅದರ ಜೊತೆ ಉಳಿದ ಸಿಗಡಿಯೂ ಚೆಲ್ಲಿಹೋಗುತ್ತಿತ್ತು. "ಮಳೆಗಾಲ ಮುಗಿಯೋ ಹೊತ್ತಿಗೆ ಮೇಜು ಎತ್ತಿಬಿಡ್ತೀನೇನೋ" ಎಂದು ಅವಳು ಒಂದು ದಿನ ನಗುತ್ತಲೇ ಅಂದಾಗ, ಇನ್ನು ಬಾಯಿ ಬಿಡದೆ ಇರಬಾರದು, ಸರಕು ಹಳಸಿದೆ ಎಂದು ಅವಳ ಮುಖಕ್ಕೇ ಹೇಳಿಬಿಡಬೇಕೆಂದು ನಿರ್ಧರಿಸಿದೆ. ಅಲ್ಲಿಯವರೆಗೆ ನಾನು ಅವಳು ಕೊಟ್ಟದ್ದನ್ನು ಮೂಸಿಯೂ ನೋಡಿದವನಲ್ಲ. ಅಕ್ಕ ಕೊಟ್ಟದ್ದನ್ನು ಯಾವ ತಮ್ಮ ಮೂಸಿ ನೋಡುತ್ತಾನೆ? ಎರೆ ಎಂದಮೇಲೆ ನಾರಲೇಬೇಕು ಎಂದು ನನ್ನ ಮೂಗನ್ನು ನಾನೇ ಒಪ್ಪಿಸಿಬಿಟ್ಟಿದ್ದೆ.

ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಅವಳ ಮನೆಯ ಗೇಟು ತೆರೆದಾಗಲೇ ಸೀದ ಹಾಲಿನ ವಾಸನೆ ಬೀದಿಗೆ ಬಂದಿತ್ತು. ಒಳಗೆ ಹೋದೆ. ಒಲೆಯ ಮೇಲೆ ಪಾತ್ರೆಯ ತಳ ಕರಿಯಾಗಿ ಹೊಗೆಯಾಡುತ್ತಿತ್ತು; ಅದರಿಂದ ಕೈಯಳತೆಯ ದೂರದಲ್ಲಿ, ಒಲೆಗೆ ಬೆನ್ನು ಹಾಕಿ ನೆಲದ ಮೇಲೆ ಕುಳಿತು ಅಕ್ಕ ಹುರುಳಿಕಾಯಿಯ ನಾರು ತೆಗೆಯುತ್ತಾ ಏನೋ ಗುನುಗುತ್ತಿದ್ದಳು. "ಬಾರೋ, ಏನು ಹಾಗೆ ನಿಂತ್ಕೊಂಡು ನೋಡ್ತಿದ್ದೀಯಾ? ಹಾಲಿಟ್ಟಿದ್ದೀನಿ, ಕುಡ್ಕೊಂಡ್ ಹೋಗು" ಎಂದಳು. ನಾನು ಹೋಗಿ ಒಲೆ ಆರಿಸಿದೆ. ಅವಳು ತಿರುಗಿ ಪಾತ್ರೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ಯಾವಾಗಿಂದ ಅಕ್ಕಾ?" ಎಂದಷ್ಟೇ ಕೇಳಿದೆ. "ಆ ಜ್ವರ ಬಂದಿತ್ತಲ್ಲ, ಆವಾಗಿಂದ. ಮೂಗಿಗೆ ಏನೂ ಗೊತ್ತಾಗಲ್ಲ ಕಣೋ" ಎಂದು ಹೇಳಿ, ಮತ್ತೆ ಹುರುಳಿಕಾಯಿ ಕೈಗೆತ್ತಿಕೊಂಡು, "ಯಾರಿಗೂ ಹೇಳ್ಬೇಡ. ಎರೆ ಮಾರೋಳಿಗೆ ಮೂಗಿಲ್ಲ ಅಂದ್ರೆ ಯಾರು ಬರ್ತಾರೆ?" ಎಂದಳು. ನನಗೆ ಅಳು ಬಂತು, ಮಾನ್ಯರೇ. ಕಣ್ಣು ಮಂಜಾದವರಿಗೆ ನಾನು ದಿನವಿಡೀ ಕನ್ನಡಕ ಕೊಡುತ್ತೇನೆ. ಮೂಗಿಗೆ ಹಾಕಿಸಲು ನನ್ನ ಅಂಗಡಿಯಲ್ಲಿ ಏನೂ ಇಲ್ಲ.

ಮರುದಿನ ನಸುಕಿಗೆ ನಾವಿಬ್ಬರೂ ಸೇರಿ ಪೆಟ್ಟಿಗೆಯನ್ನು ಮೇಜಿನ ಮೇಲೆ ಬೋರಲು ಹಾಕಿದಾಗ ತಮ್ಮ ತೀರ್ಪುಗಳೆಲ್ಲದರ ಗುಟ್ಟು ಬಯಲಾಯಿತು. ಮೇಲಿನ ಪದರದಲ್ಲಿ ಮೀಸೆ, ತಲೆ, ಕಣ್ಣು ಎಲ್ಲ ಇರುವ, ಗಾಜಿನಂತೆ ತಿಳಿಯಾದ ಅಂದಿನ ಸಿಗಡಿ. ಕೆಳಗಿನ ಪದರದಲ್ಲಿ ತಲೆ ಮುರಿದ, ತಣ್ಣೀರಿನಲ್ಲಿ ತೊಳೆದು ಹೊಳಪು ಬರಿಸಿದ ಹಳೆಯದು. ಸಿಗಡಿ ಹಳಸಿದರೆ ಮೊದಲು ಕರಿಯಾಗುವುದು ತಲೆ. ಆ ತಲೆಯನ್ನೇ ತೆಗೆದುಬಿಟ್ಟರೆ ಕಣ್ಣಿಗೆ ಸಾಕ್ಷಿ ಉಳಿಯುವುದಿಲ್ಲ, ಐಸಿನಲ್ಲಿದ್ದರೆ ಬೆರಳಿಗೂ ತಿಳಿಯುವುದಿಲ್ಲ. ಬೇಗ ಬಂದವರಿಗೆ ಮೇಲಿನದು, ನನ್ನಂಥ ನಿದ್ದೆಗಣ್ಣಿನವರಿಗೆ ತಳದ್ದು. ಎರೆ ತರುವ ದೋಣಿಯವನು, ಅಕ್ಕ ಜ್ವರದಿಂದೆದ್ದು ಬಂದ ಹೊಸದರಲ್ಲಿ, ಕೊಳೆತ ಪೆಟ್ಟಿಗೆಯೊಂದರ ಮೇಲೆ ಬಗ್ಗಿ ಉಸಿರೆಳೆದು "ಇವತ್ತಿಂದು, ಇಳಿಸು" ಎಂದದ್ದನ್ನು ಕಂಡಿದ್ದನಂತೆ. ಅಂದಿನಿಂದ ಅವಳು ಬರಿದೇ ಬಗ್ಗುವುದೂ, ಬರಿದೇ ಉಸಿರೆಳೆಯುವುದೂ ಅವನಿಗೆ ಗೊತ್ತಿತ್ತು, ತಳಕ್ಕೆ ಹಳೆಯದನ್ನು ತುಂಬಿ ತರತೊಡಗಿದ್ದ. ನನ್ನ ಅಕ್ಕನಿಗೆ ಮೂಗಿಲ್ಲವೆಂಬುದು ಒಡಹುಟ್ಟಿದ ನನಗಿಂತ ಮೊದಲು ಅವನಿಗೆ ತಿಳಿದಿತ್ತು, ಅವಳ ಸರಕಿನ ಗತಿ ತಮಗೂ ನನಗಿಂತ ಮೊದಲೇ ತಿಳಿದಿತ್ತು. ತಾವು ಹೇಳುವಷ್ಟು ಹೇಳಿದಿರಿ. ನಾನು ತಮಗೆ ಬೆಣ್ಣೆ ಸವರುತ್ತಿದ್ದೆ.

ದಿನವೂ ನಾನೇ ಬಂದು ಮೂಸಿ ಹೇಳುತ್ತೇನೆಂದರೆ ಅಕ್ಕ ಒಪ್ಪಲಿಲ್ಲ. "ನಿನ್ನ ಮೂಗು ನಂಬ್ಕೊಂಡು ವ್ಯಾಪಾರ ಮಾಡ್ಲಾ? ಇಷ್ಟು ದಿನ ಅದೆಲ್ಲಿ ಹೋಗಿತ್ತು?" ಎಂದಳು. ಮಾತು ಖಾರವಾದರೂ ನ್ಯಾಯವಾದದ್ದು. ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ನನ್ನ ಹೆಂಡತಿ, ಅಂಗಿಗೆ ಎರಡನೆಯ ಸಲ ಸೋಪು ಹಚ್ಚುತ್ತಾ, "ಅಷ್ಟು ಚೆನ್ನಾಗಿ ಗೊತ್ತಾಗುತ್ತಲ್ಲ, ಆ ಬೆಕ್ಕಿಗೇ ಕೆಲಸ ಕೊಡಿ" ಎಂದುಬಿಟ್ಟಳು. ಆದ್ದರಿಂದ ಮಾನ್ಯರಲ್ಲಿ ಈ ಕೆಳಗಿನ ವಿನಂತಿ.

ತಾವು ದಯಮಾಡಿ ತಮ್ಮ ಕಚೇರಿಯನ್ನು ಕಟ್ಟೆಯ ತುದಿಯಿಂದ ಬುಡಕ್ಕೆ, ಅಕ್ಕನ ಮೇಜಿನ ಕೆಳಕ್ಕೆ ವರ್ಗಾಯಿಸಿಕೊಳ್ಳಬೇಕು. ದೋಣಿ ಬರುವ ಹೊತ್ತಿಗೆ ಎದ್ದು, ಮೈಮುರಿದು, ಹಾಜರಿರಬೇಕು; ತಮ್ಮ ಕುಲದವರಿಗೆ ಹೊತ್ತಿಗೆ ಸರಿಯಾಗಿ ಏಳುವುದು ಅವಮಾನವೆಂದು ಬಲ್ಲೆನಾದರೂ ಕೇಳದೆ ವಿಧಿಯಿಲ್ಲ. ಪೆಟ್ಟಿಗೆಯ ಮೇಲಿನ ಸಿಗಡಿಯನ್ನು ನೋಡಿ ಮರುಳಾಗದೆ, ತಳದಿಂದ ತೆಗೆದುಕೊಟ್ಟದ್ದನ್ನೇ ಪರೀಕ್ಷಿಸಬೇಕು. ಕೆರೆಯುವುದಿದ್ದರೆ ಆಗಲೇ, ದೋಣಿಯವನ ಕಾಲಿನ ಪಕ್ಕದಲ್ಲೇ, ಸಾಧ್ಯವಾದರೆ ಅವನ ಕಾಲಿನ ಮೇಲೆಯೇ ಕೆರೆಯಬೇಕು. ಇದನ್ನೆಲ್ಲ ನೌಕರಿಯೆಂದು ತೋರಗೊಡದೆ, ಅಕ್ಕನ ಮೇಲಿನ ಪ್ರೀತಿಯಿಂದ ಬಂದು ಕುಳಿತಂತೆ ನಟಿಸಬೇಕು. ನಟಿಸುತ್ತಾ ನಟಿಸುತ್ತಾ ಪ್ರೀತಿ ನಿಜವಾದರೆ ನಮ್ಮದೇನೂ ಆಕ್ಷೇಪವಿಲ್ಲ. ಸಂಬಳ, ದಿನದ ಮೊದಲ ತಾಜಾ ಸಿಗಡಿ. ನಿವೃತ್ತಿಯ ವಯಸ್ಸಿಲ್ಲ. ಕಟ್ಟೆಯ ತುದಿಯಲ್ಲಿ ಕಾದಿರುವ ರೈಟ್‌ರೈಟ್ ಅವರಿಗೆ ತಮ್ಮ ವರ್ಗಾವಣೆಯಿಂದ ಆಗುವ ದುಃಖವನ್ನು ನಾನು ನೋಡಿಕೊಳ್ಳುತ್ತೇನೆ.

ಇದು ಬಹಿರಂಗ ಪತ್ರವಾದದ್ದು ಹೇಗೆಂಬುದನ್ನೂ ಹೇಳಬೇಕು. ಯಾರಿಗೂ ಹೇಳುವುದಿಲ್ಲವೆಂದು ಅಕ್ಕನಿಗೆ ಮಾತು ಕೊಟ್ಟು, ಹೆಂಡತಿಗಾಗಲೇ ಹೇಳಿಬಿಟ್ಟಿದ್ದ ನಾನು, ಬೆಕ್ಕು ಯಾರಾದರೂ ಹೌದೋ ಅಲ್ಲವೋ ಎಂದು ತಿಳಿಯದೆ, ಇಷ್ಟನ್ನೂ ಬರೆದು ಮೊದಲು ಅವಳಿಗೇ ಓದಿ ಹೇಳಿದೆ. ಬೈಗುಳಕ್ಕೆ ಬೆನ್ನು ಸಿದ್ಧವಾಗಿಟ್ಟುಕೊಂಡೇ ಓದಿದೆ. ಅವಳು ಐಸು ಕುಟ್ಟುವುದನ್ನು ನಿಲ್ಲಿಸಿ, ಕೊನೆಯವರೆಗೂ ಕೇಳಿ, "ಮೂಗು ಹೋಗಿದ್ದು ನನ್ನ ತಪ್ಪಲ್ಲ. ಹೋಗಿದೆ ಅಂತ ಹೇಳ್ದೆ ಮಾರಿದ್ದು ತಪ್ಪು. ಅಂಟಿಸು ಹೋಗು, ಎಲ್ಲರೂ ಓದ್ಲಿ. ನನ್ನ ಹತ್ರ ಹಳಸಿದ್ದು ತಗೊಂಡೋರು ಬಂದು ತಾಜಾದು ತಗೊಂಡ್ ಹೋಗ್ಲಿ" ಎಂದಳು. ಹಾಗಾಗಿ ಈ ಪತ್ರ ತಮ್ಮದೇ ದೀಪದ ಕಂಬಕ್ಕೆ, ಮನುಷ್ಯರ ಕಣ್ಣಿನ ಎತ್ತರಕ್ಕೆ ಅಂಟಿದೆ. ಧೈರ್ಯ ನನ್ನದಲ್ಲ, ಅಕ್ಕನದು. ನನ್ನದು ಗೋಂದು ಮಾತ್ರ.

ಹಳೆಯ ಎರೆಯ ಮಹಿಮೆಯ ಕುರಿತ ನನ್ನ ಉಪನ್ಯಾಸಗಳನ್ನು ಈ ಮೂಲಕ ಹಿಂದಕ್ಕೆ ಪಡೆದು, ಇಲ್ಲದ ಮಣ್ಣಿನಿಂದ ಮುಚ್ಚಿಸಿಕೊಳ್ಳಲು ತಮ್ಮ ಪಾದಕ್ಕೊಪ್ಪಿಸುತ್ತಿರುವ,

ತಮ್ಮ ವಿಶ್ವಾಸಿ,
ನೀಲಿ ಟೋಪಿಯವನು
(ಎರೆ ಅಂಗಡಿಯವಳ ತಮ್ಮ)

ಮರೆತ ಮಾತು: ಗೋಂದು ಕಲಸುವ ಮೊದಲೇ ತಾವು ಕೆಲಸಕ್ಕೆ ಹಾಜರಾದಿರೆಂದು ತಿಳಿದು ಸಂತೋಷವಾಯಿತು. ತಳದ ಸಿಗಡಿಗೆ ತಾವು ಕಲ್ಲು ಕೆರೆದಾಗ ದೋಣಿಯವನು, "ಬೆಕ್ಕಿನ ಮಾತು ಕೇಳ್ಕೊಂಡು ಪೆಟ್ಟಿಗೆ ವಾಪಸ್ ಕಳಿಸ್ತೀರಾ ಅಕ್ಕಾ?" ಎಂದನಂತೆ. ಅದಕ್ಕೆ ಅಕ್ಕ, "ನನ್ನ ಮೂಗಿಗೆ ಮೋಸ ಮಾಡಿದ್ಯಲ್ಲ, ಇನ್ನು ಇದರ ಮೂಗಿಗೆ ಮಾಡು, ನೋಡೋಣ" ಎಂದಳಂತೆ. ಇಲ್ಲಿಯವರೆಗೆ ಸರಿ. ಆದರೆ ಅದೇ ಸಂಜೆ ತಾವು ಅವಳ ಹಿಂದೆಯೇ ಮನೆಗೂ ಹೋಗಿ, ಒಲೆಯ ಪಕ್ಕದಲ್ಲಿ ಕುಳಿತು, ಹಾಲು ಸೀಯದಂತೆ ಕಾಯುವ ಹೊಣೆಯನ್ನೂ ಹೊತ್ತುಕೊಂಡಿರೆಂದು ಕೇಳಿದೆ. ಕಣ್ಣು ಮುಚ್ಚಿ ಹಾಲು ಕುಡಿಯುವುದರಲ್ಲಿ ತಮ್ಮ ಮನೆತನಕ್ಕಿರುವ ಹೆಸರು ನನಗೆ ಗೊತ್ತಿಲ್ಲವೆಂದುಕೊಂಡಿರಾ? ಎರೆಯ ಇಲಾಖೆ ತಮ್ಮದೇ ಇರಲಿ, ಹಾಲಿನ ಇಲಾಖೆಯನ್ನು ಬಿಟ್ಟುಕೊಡಬೇಕು. ಇನ್ನು ಮುಂದೆ ಸಂಜೆ ಕನ್ನಡಕದ ಅಂಗಡಿ ಮುಚ್ಚಿ, ಅಕ್ಕನ ಒಲೆಯ ಮುಂದೆ ನಾನೇ ನಿಲ್ಲುತ್ತೇನೆ.